ಊರ ಬಾಗಿಲು ಮುಚ್ಚಿದರೆ ರೋಗ ನಿಲ್ಲುವುದೇ?

2020ರ ತಪಸ್ಸುಕಾಲವನ್ನು ಮಲೆನಾಡಿನ ಕಥೋಲಿಕ ಕುಟುಂಬಗಳು ಸುಲಭವಾಗಿ ಮರೆಯಲಾರವು. ಮಾರ್ಚ್ 25ರಂದು ದೇಶವ್ಯಾಪಿ ದಿಗ್ಬಂಧನ ಜಾರಿಗೆ ಬಂದಿತು. ಗರಿಗಳ ಭಾನುವಾರದಂದು ದೇವಾಲಯಗಳ ಬಾಗಿಲು ಭಕ್ತರಿಗೆ ತೆರೆಯಲಿಲ್ಲ. ಏಪ್ರಿಲ್ 12ರ ಪಾಸ್ಖ ಹಬ್ಬದ ಬಲಿಪೂಜೆಯನ್ನು ಧರ್ಮಗುರುಗಳು ಬರಿದಾದ ಬೆಂಚುಗಳ ಮುಂದೆ ಅರ್ಪಿಸಿದರು. ಅದೇ ದಿನಗಳಲ್ಲಿ ನಾಡಿನ ಅನೇಕ ಹಳ್ಳಿಗಳವರು ಊರಿನ ದಾರಿಗೆ ಮುಳ್ಳುಬೇಲಿ ಹಾಕಿ, ಮರದ ದಿಮ್ಮಿಗಳನ್ನು ಅಡ್ಡಲಾಗಿ ಉರುಳಿಸಿ, ಹೊರಗಿನವರಿಗೆ ಪ್ರವೇಶವಿಲ್ಲವೆಂದು ಸಾರಿದರು. ಬೇಲೂರು ತಾಲ್ಲೂಕಿನ ಅರೇಹಳ್ಳಿಯನ್ನೊಳಗೊಂಡ ಹಾಸನ ಜಿಲ್ಲೆಯು ಮೇ ತಿಂಗಳ ಎರಡನೆಯ ವಾರದವರೆಗೆ ಒಂದೂ ಕೋವಿಡ್ ಪ್ರಕರಣವಿಲ್ಲದೆ ಹಸಿರು ವಲಯವಾಗಿಯೇ ಉಳಿಯಿತು. ಇದು ಬೇಲಿಯ ಫಲವೆಂದು ಹೇಳುವವರುಂಟು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಯದೆ ಹೋದರೆ, ಮುಂದಿನ ಪಿಡುಗಿನ ಕಾಲಕ್ಕೆ ನಾವು ಮುಚ್ಚಬಾರದ ಬಾಗಿಲನ್ನೇ ಮುಚ್ಚಿಕೊಂಡು ಕೂಡುವ ಅಪಾಯವಿದೆ.

ರೈಲು, ಬಸ್ಸುಗಳೆಲ್ಲ ನಿಂತಿದ್ದಾಗ ರೋಗಕ್ಕೆ ನಮ್ಮ ಕಡೆ ಬರಲು ದಾರಿಯೇ ಕಡಿಮೆಯಿತ್ತು. ನಿಜವಾದ ಪರೀಕ್ಷೆ ಎದುರಾದದ್ದು ಸಂಚಾರ ಸಡಿಲವಾದ ಮೇಲೆ. ಮೇ 12ರಂದು ಜಿಲ್ಲೆಯ ಮೊದಲ ಪ್ರಕರಣಗಳು ಮುಂಬಯಿಯಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಮರಳಿದವರಲ್ಲಿ ಕಂಡುಬಂದವು. ಅವರು ಪರಕೀಯರಲ್ಲ, ದುಡಿಮೆಗೆಂದು ಹೋಗಿದ್ದ ಇಲ್ಲಿಯವರೇ. ಹೊರರಾಜ್ಯಗಳಿಂದ ಹಾಗೆ ಬಂದವರನ್ನು ನೇರವಾಗಿ ಮನೆಗೆ ಕಳುಹಿಸದೆ ವಿದ್ಯಾರ್ಥಿನಿಲಯಗಳಲ್ಲಿ, ವಸತಿ ಶಾಲೆಗಳಲ್ಲಿ ಇರಿಸಿ ಪರೀಕ್ಷಿಸುವ ವ್ಯವಸ್ಥೆ ಆಗ ರಾಜ್ಯದಲ್ಲಿತ್ತು. ಸೋಂಕು ತಗುಲಿದವನಲ್ಲಿ ರೋಗಲಕ್ಷಣ ಕಾಣಲು ಸಾಮಾನ್ಯವಾಗಿ ಐದಾರು ದಿನ, ಹೆಚ್ಚೆಂದರೆ ಹದಿನಾಲ್ಕು ದಿನ ಬೇಕಾದುದರಿಂದ ಆ ಅವಧಿಯನ್ನು ನಿಗದಿಪಡಿಸಲಾಗಿತ್ತು. ಮೇ ತಿಂಗಳಲ್ಲಿ ಜಿಲ್ಲೆಯಲ್ಲಿ ಪತ್ತೆಯಾದ ಪ್ರಕರಣಗಳ ಬಹುಪಾಲು ಮುಂಬಯಿಯಿಂದ ಬಂದವರದೇ ಆಗಿದ್ದವು. ಊರನ್ನು ಕಾದದ್ದು ದಾರಿಗೆ ಅಡ್ಡವಿಟ್ಟ ದಿಮ್ಮಿಗಿಂತ ಹೆಚ್ಚಾಗಿ, ಬಂದವರಿಗೆ ಒದಗಿಸಿದ ಆ ಕೊಠಡಿ, ಆ ಊಟ, ಆ ಪರೀಕ್ಷೆ.

ಪ್ರತ್ಯೇಕವಾಸ ನಮ್ಮ ಸೀಮೆಗೆ ಹೊಸದೇನಲ್ಲ. 1898ರ ಆಗಸ್ಟಿನಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲಿನ ಮೂಲಕ ಬೆಂಗಳೂರನ್ನು ಮುಟ್ಟಿತು. ಹರಿಹರದಿಂದ ಅರಸೀಕೆರೆ, ತುಮಕೂರುಗಳ ಮೇಲೆ ಹಾದುಹೋಗುವ ಹಳಿಯೇ ಅದರ ದಾರಿ. ಮೈಸೂರು ಸಂಸ್ಥಾನವು ರೈಲು ಪ್ರಯಾಣಿಕರ ತಪಾಸಣೆ ನಡೆಸಿತು, ಶಿಬಿರಗಳನ್ನು ತೆರೆಯಿತು. ಆದರೂ ರೋಗ ಹರಡಿತು. ಕಾರಣವಿಷ್ಟೆ: ಗಡ್ಡೆಕಟ್ಟುವ ಪ್ಲೇಗು ಮುಖ್ಯವಾಗಿ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ. ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂದ್ ಇದನ್ನು ಕರಾಚಿಯಲ್ಲಿ ಕಂಡುಕೊಂಡದ್ದು ಅದೇ 1898ರಲ್ಲಿ. ನಿಲ್ದಾಣದಲ್ಲಿ ಮನುಷ್ಯನನ್ನು ತಡೆದರೂ ಧಾನ್ಯದ ಮೂಟೆಯೊಳಗಿನ ಇಲಿಯನ್ನು ತಡೆಯುವವರಾರು? ಇಲಿ ಸತ್ತು ಬೀಳತೊಡಗಿದೊಡನೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಕಟ್ಟಿಕೊಂಡ ಹಳ್ಳಿಗರು, ಸಿಮಾಂದರ ಹೆಸರನ್ನೇ ಕೇಳದವರು, ಹೆಚ್ಚು ಸರಿಯಾದ ಕೆಲಸ ಮಾಡಿದ್ದರು. ಪ್ಲೇಗಿಗೆ ಮನೆ ಬಿಡುವುದೇ ಮದ್ದು. ಉಸಿರಿನಿಂದ ಹರಡುವ ಕೋವಿಡ್ಡಿಗೆ ಮನೆಯಲ್ಲಿರುವುದು ಮದ್ದು. ರೋಗ ಬರುವ ದಾರಿಯನ್ನು ಅರಿಯದೆ ಹಾಕಿದ ಬೇಲಿ ಬರಿಯ ಬೇಲಿಯಷ್ಟೇ.

ಉಸಿರಿನ ರೋಗಕ್ಕೆ ಸಕಾಲದ ಬೇಲಿ ಎಷ್ಟು ಬಲವಾದುದೆಂಬುದಕ್ಕೆ 1918ರ ಇನ್‌ಫ್ಲುಯೆಂಜಾ ಕಾಲದ ಸಮೋವ ದ್ವೀಪಗಳೇ ಸಾಕ್ಷಿ. ನವೆಂಬರ್ 7ರಂದು ಆಕ್ಲೆಂಡಿನಿಂದ ಬಂದ ಟಾಲೂನ್ ಎಂಬ ಹಡಗಿಗೆ ಪಶ್ಚಿಮ ಸಮೋವದಲ್ಲಿ ತಡೆಯಿರಲಿಲ್ಲ. ಅಲ್ಲಿ ಜನಸಂಖ್ಯೆಯ ಐದನೆಯ ಒಂದು ಭಾಗದಷ್ಟು ಮಂದಿ ಸತ್ತರು. ನೆರೆಯ ಅಮೆರಿಕನ್ ಸಮೋವದ ರಾಜ್ಯಪಾಲ ಜಾನ್ ಪೋಯರ್ ಹಡಗುಗಳನ್ನು ತಡೆದಿರಿಸಿದರು. ಅಲ್ಲಿ ಒಬ್ಬರೂ ಸಾಯಲಿಲ್ಲ. ಆದರೆ ಅವು ಸಮುದ್ರ ಸುತ್ತುವರಿದ ದ್ವೀಪಗಳು. ಅರೇಹಳ್ಳಿಗೆ ಬೇಲೂರಿನಿಂದ, ಸಕಲೇಶಪುರದಿಂದ, ಮೂಡಿಗೆರೆಯಿಂದ ದಾರಿಗಳಿವೆ. ಕಾಫಿ, ಮೆಣಸು ಹೊರಗೆ ಹೋಗಬೇಕು, ಅಕ್ಕಿ ಒಳಗೆ ಬರಬೇಕು.

ದಾರಿಯನ್ನೇ ಮುಚ್ಚಿದರೆ ಏನಾಗುವುದೆಂಬುದನ್ನು ಕಾಸರಗೋಡಿನ ಕನ್ನಡಿಗರು ಬಲ್ಲರು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿತು, ಗಡಿಯ ಕೆಲವು ರಸ್ತೆಗಳಿಗೆ ಮಣ್ಣು ಸುರಿಯಿತು. ಚಿಕಿತ್ಸೆಗೆ ಸದಾ ಮಂಗಳೂರನ್ನೇ ನಂಬಿದ್ದ ಆ ಕಡೆಯ ರೋಗಿಗಳು ಆಸ್ಪತ್ರೆ ತಲುಪಲಾರದೆ ಪ್ರಾಣಬಿಟ್ಟ ವರದಿಗಳು ಬಂದವು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವು ದಾರಿ ತೆರೆಯಬೇಕೆಂದು ಆದೇಶಿಸಿತು; ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಹೃದಯಬೇನೆಯವನನ್ನು ಸಾಂಕ್ರಾಮಿಕ ರೋಗದ ಹೆಸರಿನಲ್ಲಿ ತಡೆದದ್ದನ್ನು ಪ್ರತ್ಯೇಕವಾಸವೆಂದು ಕರೆಯಲಾಗದು.

ಕ್ವಾರಂಟೈನ್ ಎಂಬ ಪದವೇ ವೆನಿಸ್ ನಗರದ್ದು. ಹಡಗಿನವರು ಕಾಯಬೇಕಾದ ನಲವತ್ತು ದಿನಗಳನ್ನು ಅದು ಸೂಚಿಸುತ್ತದೆ. ನಮ್ಮ ತಪಸ್ಸುಕಾಲದ ಸಂಖ್ಯೆಯೂ ಅದೇ. 1576ರಲ್ಲಿ ಮಿಲಾನ್ ನಗರಕ್ಕೆ ಪ್ಲೇಗು ಬಂದು ಜನರನ್ನು ಮನೆಗಳೊಳಗೆ ಇರಿಸಿದಾಗ, ಅಲ್ಲಿನ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೊಮಿಯೊ ಬೀದಿಯ ಕೂಡುದಾರಿಗಳಲ್ಲಿ ಬಲಿಪೀಠಗಳನ್ನು ನಿಲ್ಲಿಸಿದರು. ಜನರು ತಮ್ಮ ಕಿಟಕಿಗಳಿಂದಲೇ ಬಲಿಪೂಜೆಯಲ್ಲಿ ಭಾಗಿಗಳಾದರು. ಹಸಿದವರಿಗೆ ಅನ್ನ ಹೊಂದಿಸಿದರು. ತಮ್ಮ ಅರಮನೆಯ ಪರದೆಗಳನ್ನು ಬಡವರ ಬಟ್ಟೆಗೆ ಕೊಟ್ಟರು. ಆ ಗೃಹಬಂಧನ ಪ್ಲೇಗನ್ನು ಎಷ್ಟು ತಡೆಯಿತೆಂಬುದು ಬೇರೆ ಮಾತು. ಆದರೆ ಒಳಗಿದ್ದವರು ಒಳಗೇ ಇರಲು ಶಕ್ತರಾದದ್ದು ಇಂತಹ ಆಸರೆಯಿಂದ.

ನಮ್ಮಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಹೊತ್ತವರು ಆಶಾ ಕಾರ್ಯಕರ್ತೆಯರು. ರಾಜ್ಯದ ಸುಮಾರು 42 ಸಾವಿರ ಮಂದಿ ಆಶಾ ತಾಯಂದಿರು ಮನೆಮನೆಗೆ ನಡೆದರು, ಕೆಲವೆಡೆ ಬೈಗುಳವನ್ನೂ ಕೇಳಿದರು. 2020ರ ಜುಲೈನಲ್ಲಿ ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೇಳಿ ಅವರು ಮುಷ್ಕರ ಹೂಡಬೇಕಾಯಿತು.

2021ರ ಎರಡನೆಯ ಅಲೆಯಲ್ಲಿ ಹಾಸನಕ್ಕೆ ಹಿಂದಿನ ಭಾಗ್ಯ ದೊರೆಯಲಿಲ್ಲ. ಏಪ್ರಿಲ್ ಕೊನೆಯಲ್ಲಿ ನಿರ್ಬಂಧ ಘೋಷಣೆಯಾದೊಡನೆ ಬೆಂಗಳೂರಿನಿಂದ ಜನ ತಂಡೋಪತಂಡವಾಗಿ ಊರುಗಳಿಗೆ ಹೊರಟರು. ಹಿಂದಿನ ವರ್ಷದಂತೆ ಅವರನ್ನು ವಿದ್ಯಾರ್ಥಿನಿಲಯಗಳಲ್ಲಿ ಇಳಿಸಿಕೊಳ್ಳಲಿಲ್ಲ. ಜೂನ್ 14ರಂದು ರಾಜ್ಯದ ಬಹುಭಾಗದಲ್ಲಿ ನಿರ್ಬಂಧ ಸಡಿಲವಾದಾಗಲೂ ಬಿಗಿಯಾಗಿಯೇ ಉಳಿದ 11 ಜಿಲ್ಲೆಗಳಲ್ಲಿ ಹಾಸನವೂ, ಚಿಕ್ಕಮಗಳೂರೂ ಇದ್ದವು. ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರದ ವ್ಯಾಪ್ತಿ ಈ ಎರಡೇ ಜಿಲ್ಲೆಗಳು. ಒಳಗೆ ಬಂದು ಬೀದಿಬೀದಿಗೆ ಹಬ್ಬಿದ ರೋಗವನ್ನು ಊರಿನ ಹೆಬ್ಬಾಗಿಲು ತಡೆಯಲಾರದು. ಆಗ ಪ್ರತಿ ಮನೆಯಲ್ಲೂ ಒಂದು ಬೇರೆ ಕೋಣೆ ಬೇಕಾಗುತ್ತದೆ.

ಕಾಫಿ ತೋಟದ ಲೈನ್ ಮನೆಗಳಲ್ಲಿ ಅಂತಹ ಕೋಣೆಯೆಲ್ಲಿದೆ? ಒಂದೇ ಗೋಡೆ ಹಂಚಿಕೊಂಡ ಸಾಲುಮನೆಗಳು, ಹಲವು ಮನೆಗಳಿಗೆ ಒಂದು ನಲ್ಲಿ, ದಿನಗೂಲಿಯ ಮೇಲೆ ನಿಂತ ಸಂಸಾರ. ಅಲ್ಲಿ ಜ್ವರ ಬಂದವನಿಗೆ ಬೇರೆ ಇರು ಎನ್ನುವುದು ಸುಲಭ. ಎಲ್ಲಿರಬೇಕೆಂದು ಹೇಳುವುದು ಕಷ್ಟ. ಧರ್ಮಕೇಂದ್ರದ ಸಭಾಂಗಣವನ್ನು ಅಂತಹವರಿಗೆ ತೆರೆಯಬಹುದೇ, ಬೀಗದ ಕೈ ಯಾರಲ್ಲಿರಬೇಕು, ಶೌಚಾಲಯ ಎಷ್ಟಿವೆ, ಅಡುಗೆ ಯಾರ ಮನೆಯಿಂದ, ತಪ್ಪಿದ ಕೂಲಿಗೆ ಬದಲಾಗಿ ಅಕ್ಕಿಬೇಳೆ ಎಲ್ಲಿಂದ ಎಂಬುದನ್ನು ಪಾಲನಾ ಪರಿಷತ್ತಿನವರು ಆರೋಗ್ಯ ಕೇಂದ್ರದವರೊಡನೆ ಕುಳಿತು, ರೋಗವಿಲ್ಲದ ಈ ದಿನಗಳಲ್ಲೇ ಬರೆದಿಡಬಹುದು.