ಸರ್ಕಾರಿ ಅಭಿಯೋಜಕರ ಸ್ವತಂತ್ರ ವಿವೇಚನೆ: ಅಬ್ದುಲ್ ಕರೀಂ ಪ್ರಕರಣದ ಬೆಳಕಿನಲ್ಲಿ

ಕಾನೂನಿನ ಮಿತಿಯೊಳಗೆ ಕಕ್ಷಿದಾರನ ಹಿತವನ್ನು ಕಾಯುವುದು ಖಾಸಗಿ ವಕೀಲರ ಮೊದಲ ಧರ್ಮ. ಸರ್ಕಾರಿ ಅಭಿಯೋಜಕರ ಸ್ಥಾನ ಇಷ್ಟು ಸರಳವಾದುದಲ್ಲ. ಅವರನ್ನು ನೇಮಿಸುವುದೂ ಸಂಭಾವನೆ ನೀಡುವುದೂ ಸರ್ಕಾರವೇ ಆದರೂ ಅವರು ಉತ್ತರದಾಯಿಗಳಾಗಿರುವುದು ನ್ಯಾಯಾಲಯಕ್ಕೆ ಮತ್ತು ಸಾರ್ವಜನಿಕ ಹಿತಕ್ಕೆ. ಈ ಎರಡು ನಿಷ್ಠೆಗಳು ಮುಖಾಮುಖಿಯಾದಾಗ ಅಭಿಯೋಜಕರ ಕರ್ತವ್ಯವೇನೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ತುಮಕೂರು ಜಿಲ್ಲೆಯನ್ನೇ ಉದಾಹರಣೆಯಾಗಿ ನೋಡಬಹುದು. ತುಮಕೂರು ನಗರದ ಜಿಲ್ಲಾ ಮತ್ತು ಸತ್ರ ನ್ಯಾಯಾಲಯದಲ್ಲಿ ಕೊಲೆಯಂತಹ ಗಂಭೀರ ಮೊಕದ್ದಮೆಗಳನ್ನು ಸರ್ಕಾರಿ ಅಭಿಯೋಜಕರು ನಡೆಸುತ್ತಾರೆ. ಗುಬ್ಬಿ ಮತ್ತು ಕುಣಿಗಲ್‌ನ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ಈ ಹೊಣೆ ಸಹಾಯಕ ಸರ್ಕಾರಿ ಅಭಿಯೋಜಕರದು. 1973ರ ದಂಡ ಪ್ರಕ್ರಿಯಾ ಸಂಹಿತೆಯು ಅಭಿಯೋಜನೆಯನ್ನು ಪೊಲೀಸ್ ತನಿಖೆಯಿಂದ ಬೇರ್ಪಡಿಸಲು ಉದ್ದೇಶಿಸಿತ್ತು. ತನಿಖೆ ಮಾಡಿದವರೇ ವಾದವನ್ನೂ ಮಂಡಿಸಿದರೆ ಸಾಕ್ಷ್ಯವನ್ನು ತೂಗಿ ನೋಡುವ ಮೂರನೆಯ ಕಣ್ಣು ಇಲ್ಲವಾಗುತ್ತದೆ ಎಂಬುದೇ ಇದರ ಹಿಂದಿನ ತತ್ತ್ವ.

ಈ ಸ್ವಾತಂತ್ರ್ಯಕ್ಕೆ ನಿಜವಾದ ಒರೆಗಲ್ಲು ಸಂಹಿತೆಯ 321ನೆಯ ಪ್ರಕರಣ. ನ್ಯಾಯಾಲಯದ ಸಮ್ಮತಿ ಪಡೆದು ಮೊಕದ್ದಮೆಯನ್ನು ಹಿಂತೆಗೆದುಕೊಳ್ಳುವ ಅಧಿಕಾರವನ್ನು ಅದು ಅಭಿಯೋಜಕರಿಗೆ ನೀಡಿತ್ತು, ಸರ್ಕಾರಕ್ಕಲ್ಲ. ಸರ್ಕಾರವು ಸಲಹೆ ನೀಡಬಹುದು, ತನ್ನ ಕಾರಣಗಳನ್ನು ತಿಳಿಸಬಹುದು. ತೀರ್ಮಾನ ಮಾತ್ರ ಅಭಿಯೋಜಕರದೇ ಆಗಿರಬೇಕು. ಈ ನಿಯಮವು ಅತಿ ಕಠಿಣವಾದ ಪರೀಕ್ಷೆಗೆ ಒಳಗಾದದ್ದು ಕರ್ನಾಟಕದಲ್ಲಿಯೇ.

2000ದ ಜುಲೈ 30ರಂದು ವರನಟ ಡಾ. ರಾಜಕುಮಾರ್ ಅವರನ್ನು ಗಾಜನೂರಿನಿಂದ ವೀರಪ್ಪನ್ ಅಪಹರಿಸಿದನು. ಟಾಡಾ ಕಾಯಿದೆಯಡಿ ಮೈಸೂರಿನಲ್ಲಿ ಬಂಧನದಲ್ಲಿದ್ದವರ ಬಿಡುಗಡೆ ಅವನ ಬೇಡಿಕೆಗಳಲ್ಲೊಂದಾಗಿತ್ತು. ರಾಜ್ಯವೆಲ್ಲ ಉದ್ವಿಗ್ನವಾಗಿತ್ತು, ಕನ್ನಡ ಮತ್ತು ತಮಿಳು ಭಾಷಿಕರ ನಡುವೆ ಗಲಭೆಯಾದೀತೆಂಬ ಭೀತಿಯೂ ಇತ್ತು. ಸರ್ಕಾರದ ತೀರ್ಮಾನದಂತೆ ವಿಶೇಷ ಸರ್ಕಾರಿ ಅಭಿಯೋಜಕರು ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಅರ್ಜಿ ಸಲ್ಲಿಸಿದರು. ಆಗಸ್ಟ್ ತಿಂಗಳಲ್ಲಿ ಮೈಸೂರಿನ ನಿಯೋಜಿತ ನ್ಯಾಯಾಲಯವು ಸಮ್ಮತಿಸಿತು.

ಇದನ್ನು ಪ್ರಶ್ನಿಸಿದವರು ಅಬ್ದುಲ್ ಕರೀಂ. ಅವರ ಮಗ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್, 1992ರ ಆಗಸ್ಟ್‌ನಲ್ಲಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಅವರೊಂದಿಗೆ ವೀರಪ್ಪನ್ ತಂಡದ ದಾಳಿಗೆ ಬಲಿಯಾಗಿದ್ದರು. 2000ದ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಹಿಂತೆಗೆತದ ಆದೇಶವನ್ನು ರದ್ದುಪಡಿಸಿತು. ಹಿಂತೆಗೆತವು ಸಾರ್ವಜನಿಕ ಹಿತಕ್ಕೆ ಅಗತ್ಯವೇ ಎಂಬುದನ್ನು ಅಭಿಯೋಜಕರು ಆಧಾರಗಳನ್ನು ಪರಿಶೀಲಿಸಿ ಸ್ವತಃ ನಿರ್ಣಯಿಸಿರಲಿಲ್ಲ. ನ್ಯಾಯಾಲಯವೂ ಅದನ್ನು ಕೇಳಿರಲಿಲ್ಲ. ಇದು ತೀರ್ಪಿನ ತಿರುಳು. ರಾಜಕುಮಾರ್ ಅವರು ಅದೇ ತಿಂಗಳ 15ರಂದು ಬಿಡುಗಡೆಯಾದರು.

ಈ ತೀರ್ಪನ್ನು ಕೇವಲ ಕಾಠಿಣ್ಯದ ಪರವಾದ ತೀರ್ಪೆಂದು ಓದುವುದು ಅಪೂರ್ಣವಾಗುತ್ತದೆ. 2001ರಲ್ಲಿ ವಿಚಾರಣೆ ಮುಗಿದಾಗ ಆರೋಪಿಗಳಲ್ಲಿ ಬಹುಪಾಲು ಜನ ಖುಲಾಸೆಯಾದರು. ಅವರಲ್ಲಿ ಅನೇಕರು ವರ್ಷಗಟ್ಟಲೆ ಸೆರೆಯಲ್ಲಿದ್ದವರು. ಶಿಕ್ಷೆಗೊಳಗಾದ ನಾಲ್ವರಿಗೆ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಮರಣದಂಡನೆ ವಿಧಿಸಿತು. 2014ರಲ್ಲಿ ಅದು ಜೀವಾವಧಿ ಶಿಕ್ಷೆಗೆ ಇಳಿಯಿತು. ಅಂದರೆ ಒಂದೇ ಕಟ್ಟಿನಲ್ಲಿ ಅಪರಾಧಿಗಳ ಕಡತಗಳೂ ಸಾಕ್ಷ್ಯವಿಲ್ಲದವರ ಕಡತಗಳೂ ಸೇರಿದ್ದವು. ಅಭಿಯೋಜಕರು ಪ್ರತಿಯೊಂದು ಕಡತವನ್ನೂ ತೆರೆದು ಸಾಕ್ಷ್ಯವನ್ನು ತೂಗಿದ್ದರೆ, ಕೆಲವರ ಮೇಲಿನ ಮೊಕದ್ದಮೆಯನ್ನು ನ್ಯಾಯಬದ್ಧವಾಗಿಯೇ, ಅಪಹರಣಕ್ಕೆ ಬಹಳ ಮೊದಲೇ, ಕೈಬಿಡಲು ಸಾಧ್ಯವಿತ್ತೆಂದು ಊಹಿಸಬಹುದು. ಸ್ವತಂತ್ರ ವಿವೇಚನೆಯು ಸಂತ್ರಸ್ತರನ್ನು ಕಾಯುವಂತೆ ನಿರಪರಾಧಿಯನ್ನೂ ಕಾಯುತ್ತದೆ. ಮೇಲಿನ ಸೂಚನೆಗೆ ಸಹಿ ಹಾಕುವ ಅಭ್ಯಾಸವು ಇಬ್ಬರಿಗೂ ದ್ರೋಹವೆಸಗುತ್ತದೆ.

ತೀರ್ಪಿನಿಂದ ಸಮಸ್ಯೆ ನಿವಾರಣೆಯಾಯಿತೆನ್ನಲಾಗದು. 2022ರ ಹುಬ್ಬಳ್ಳಿ ಗಲಭೆಯ ಪ್ರಕರಣವೂ ಸೇರಿದಂತೆ 43 ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳಲು ರಾಜ್ಯ ಸರ್ಕಾರವು 2024ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. 2025ರ ಮೇ ತಿಂಗಳಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಪಕ್ಷಗಳು ಬದಲಾದರೂ ಅಭಿಯೋಜಕರ ಮೇಜಿಗೆ ಬರುವ ಒತ್ತಡದ ರೂಪ ಬದಲಾಗುವುದಿಲ್ಲ. ಆದರೆ ಕಾನೂನಿನಲ್ಲಿ ಒಂದು ಮಹತ್ವದ ಬದಲಾವಣೆಯಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೆಯ ಪ್ರಕರಣದ ಪ್ರಕಾರ, ಸಂತ್ರಸ್ತರ ಅಹವಾಲನ್ನು ಆಲಿಸಲು ಅವಕಾಶ ನೀಡದೆ ನ್ಯಾಯಾಲಯವು ಹಿಂತೆಗೆತಕ್ಕೆ ಸಮ್ಮತಿಸುವಂತಿಲ್ಲ. ಅಬ್ದುಲ್ ಕರೀಂ ಅವರು ದೆಹಲಿಯವರೆಗೆ ಹೋಗಿ ಕೇಳಬೇಕಾದ ಮಾತನ್ನು ಇಂದು ಸಂತ್ರಸ್ತರು ವಿಚಾರಣಾ ನ್ಯಾಯಾಲಯದಲ್ಲಿಯೇ ಹೇಳಬಹುದಾಗಿದೆ.

ಆದಾಗ್ಯೂ ಸರ್ವೋಚ್ಚ ನ್ಯಾಯಾಲಯದವರೆಗೆ ತಲುಪುವ ಪ್ರಕರಣಗಳು ಬೆರಳೆಣಿಕೆಯಷ್ಟು. ತಾಲ್ಲೂಕು ನ್ಯಾಯಾಲಯದ ಸಣ್ಣ ಮೊಕದ್ದಮೆಯನ್ನು ಯಾರೂ ಅಲ್ಲಿಗೆ ಒಯ್ಯುವುದಿಲ್ಲ. ಪತ್ರಿಕೆಗಳೂ ಅದನ್ನು ಗಮನಿಸುವುದಿಲ್ಲ. ಗುಬ್ಬಿಯಲ್ಲಾಗಲಿ ಕುಣಿಗಲ್‌ನಲ್ಲಾಗಲಿ ಇಂತಹ ಸೂಚನೆಯೊಂದು ಬಂದಾಗ ಸಹಾಯಕ ಅಭಿಯೋಜಕರು ಒಬ್ಬಂಟಿಯಾಗಿ ಕಡತವನ್ನು ಓದಬೇಕು, ತಮ್ಮ ಕಾರಣಗಳನ್ನು ತಮ್ಮದೇ ಮಾತಿನಲ್ಲಿ ಬರೆಯಬೇಕು, ಒಪ್ಪಿಗೆಯಾಗದಿದ್ದರೆ ಹಾಗೆಂದು ತಿಳಿಸಬೇಕು. ಕಾನೂನು ಅವರಿಗೆ ಈ ಅಧಿಕಾರವನ್ನು ಕೊಟ್ಟಿದೆ. ವರ್ಗಾವಣೆಯ ಭಯವಿಲ್ಲದೆ ಅದನ್ನು ಚಲಾಯಿಸುವ ಸೇವಾಭದ್ರತೆಯನ್ನು ಒದಗಿಸುವುದು ಸರ್ಕಾರದ ಹೊಣೆಯಾಗಿದೆ.