ಸ್ವತಃ ಜೋಡಿಸಿಕೊಳ್ಳಬಹುದಾದ ಹವಾನಿಯಂತ್ರಕ: ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳಲ್ಲಿ ಬೇಸಿಗೆಯೆಂದರೆ ಒಣ ಬಿಸಿಲು. ಮಾರ್ಚ್‌ನಿಂದ ಮೇ ಅಂತ್ಯದವರೆಗೆ ಮನೆಗಳಲ್ಲಷ್ಟೇ ಅಲ್ಲದೆ ಅಂಗಡಿ, ಕಚೇರಿ ಮತ್ತು ಸಣ್ಣ ಕಾರ್ಖಾನೆಗಳಲ್ಲಿಯೂ ತಂಪುಗೊಳಿಸುವ ಯಂತ್ರಗಳಿಗೆ ಬೇಡಿಕೆ ಇರುತ್ತದೆ. ಯಂತ್ರವನ್ನು ಆನ್‌ಲೈನ್ ಮೂಲಕ ತರಿಸಿಕೊಂಡು, ಜೋಡಣೆಯ ಖರ್ಚನ್ನು ಉಳಿಸಲು ತಾವೇ ಅಳವಡಿಸಿಕೊಳ್ಳಬಯಸುವವರೂ ಇದ್ದಾರೆ. ಯಾವುದನ್ನು ನಾವೇ ಜೋಡಿಸಬಹುದು, ಯಾವುದನ್ನು ಜೋಡಿಸಬಾರದು ಎಂಬುದನ್ನು ಅರಿಯದೆ ಹಣ ತೊಡಗಿಸಿದಲ್ಲಿ ಉಳಿತಾಯಕ್ಕಿಂತ ನಷ್ಟವೇ ಹೆಚ್ಚಾದೀತು.

ಸ್ಪ್ಲಿಟ್ ಯಂತ್ರ

ಡಕ್ಟ್ ಇಲ್ಲದ ಹವಾನಿಯಂತ್ರಕಗಳಲ್ಲಿ ಸ್ಪ್ಲಿಟ್ ಯಂತ್ರವೇ ಹೆಚ್ಚು ಪ್ರಚಲಿತ. ಇದರ ಒಳಘಟಕ ಮತ್ತು ಹೊರಘಟಕಗಳನ್ನು ತಾಮ್ರದ ಕೊಳವೆಗಳು ಜೋಡಿಸುತ್ತವೆ. ಜೋಡಣೆಯ ನಂತರ ಕೊಳವೆಯಲ್ಲಿನ ಗಾಳಿ ಮತ್ತು ತೇವಾಂಶವನ್ನು ವ್ಯಾಕ್ಯೂಮ್ ಪಂಪಿನಿಂದ ಸಂಪೂರ್ಣವಾಗಿ ಹೊರತೆಗೆಯಬೇಕು. ತೇವಾಂಶ ಉಳಿದರೆ ಕಂಪ್ರೆಸರ್‌ನ ಆಯುಷ್ಯ ಕುಗ್ಗುತ್ತದೆ. ಕೊಳವೆಯ ಸೇರುವೆ ಸಡಿಲವಾದರೆ ಅನಿಲ ಸೋರುತ್ತದೆ. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಆರ್-32 ಅನಿಲವು ಅಲ್ಪಮಟ್ಟಿಗೆ ದಹನಶೀಲ. ಆರ್-290 ಎಂಬ ಪ್ರೊಪೇನ್ ಅನಿಲವಂತೂ ಸುಲಭವಾಗಿ ಹೊತ್ತಿಕೊಳ್ಳುವಂತಹುದು.

ಕೊಳವೆಯಲ್ಲಿ ಮೊದಲೇ ಅನಿಲ ತುಂಬಿಸಿ, ಮನೆಯವರೇ ಜೋಡಿಸಿಕೊಳ್ಳುವಂತೆ ತಯಾರಿಸಿದ ಸ್ಪ್ಲಿಟ್ ಯಂತ್ರಗಳು ಅಮೆರಿಕದಲ್ಲಿ ಮಾರಾಟದಲ್ಲಿವೆ. ನಮ್ಮ ಪೇಟೆಯಲ್ಲಿ ಸಾಮಾನ್ಯವಾಗಿ ದೊರೆಯುವ ಯಂತ್ರಗಳು ಆ ಬಗೆಯವಲ್ಲ. ಆದುದರಿಂದ ಸ್ಪ್ಲಿಟ್ ಯಂತ್ರದ ಜೋಡಣೆಯನ್ನು ತರಬೇತಿ ಪಡೆದ ತಂತ್ರಜ್ಞರಿಗೇ ವಹಿಸುವುದು ಸೂಕ್ತ. ಖಾತರಿಯ ಷರತ್ತುಗಳನ್ನು ಖರೀದಿಗೆ ಮೊದಲೇ ಓದಿಕೊಳ್ಳತಕ್ಕದ್ದು.

ನಾವೇ ಜೋಡಿಸಬಹುದಾದವು

ವಿಂಡೋ ಯಂತ್ರದಲ್ಲಿ ಎಲ್ಲ ಭಾಗಗಳೂ ಒಂದೇ ಪೆಟ್ಟಿಗೆಯಲ್ಲಿದ್ದು, ಅನಿಲವು ಕಾರ್ಖಾನೆಯಲ್ಲಿಯೇ ಭದ್ರವಾಗಿ ತುಂಬಿರುತ್ತದೆ. ಗಟ್ಟಿಯಾದ ಕಬ್ಬಿಣದ ಚೌಕಟ್ಟು, ನೀರು ಹೊರಗೆ ಹರಿಯುವಂತೆ ತುಸು ಇಳಿಜಾರು ಮತ್ತು ಎತ್ತಲು ಇಬ್ಬರು ಆಳುಗಳಿದ್ದರೆ ಅಳವಡಿಕೆ ಕಷ್ಟವಲ್ಲ. ಗೋಡೆ ಒಡೆಯಲು ಒಪ್ಪದ ಬಾಡಿಗೆ ಮಳಿಗೆಗಳಿಗೆ ಚಕ್ರದ ಮೇಲೆ ಸರಿಸಬಹುದಾದ ಪೋರ್ಟಬಲ್ ಯಂತ್ರವುಂಟು. ಆದರೆ ಒಂದೇ ಕೊಳವೆಯುಳ್ಳ ಮಾದರಿಯು ಕೋಣೆಯ ಗಾಳಿಯನ್ನೇ ಹೊರಹಾಕುವುದರಿಂದ, ಸಂದುಗಳ ಮೂಲಕ ಬಿಸಿಗಾಳಿ ಒಳನುಗ್ಗಿ ವಿದ್ಯುತ್ ವ್ಯರ್ಥವಾಗುತ್ತದೆ.

ಮೂರನೆಯದು ಏರ್ ಕೂಲರ್. ಒಣ ಹವೆಗೆ ಇದು ಹೇಳಿ ಮಾಡಿಸಿದಂತಿದೆ. ಹೊರಗೆ 38 ಡಿಗ್ರಿ ಉಷ್ಣತೆ, ಶೇ. 25 ಆರ್ದ್ರತೆ ಇದ್ದಾಗ ಉತ್ತಮ ಕೂಲರ್ ಸುಮಾರು 26 ಡಿಗ್ರಿಯ ಗಾಳಿಯನ್ನು ನೀಡಬಲ್ಲದು. ಮಳೆಗಾಲದಲ್ಲಿ 30 ಡಿಗ್ರಿ, ಶೇ. 80 ಆರ್ದ್ರತೆ ಇದ್ದರೆ ಎರಡು ಮೂರು ಡಿಗ್ರಿಗಿಂತ ಹೆಚ್ಚು ಇಳಿಯದು. ಕಿಟಕಿಯನ್ನು ತೆರೆದಿಟ್ಟೇ ಇದನ್ನು ನಡೆಸಬೇಕು.

ಆದರೂ ವರ್ತಕರು ಎರಡು ವಿಷಯಗಳನ್ನು ಮರೆಯಬಾರದು. ಕೊಳವೆಬಾವಿಯ ಗಡಸು ನೀರಿನಿಂದ ಕೂಲರ್‌ನ ಪ್ಯಾಡ್‌ಗಳ ಮೇಲೆ ಬಿಳಿಯ ಲವಣ ಕಟ್ಟಿಕೊಂಡು ಗಾಳಿಯ ಹರಿವು ಕುಂಠಿತವಾಗುತ್ತದೆ. ತೊಟ್ಟಿಯ ನೀರನ್ನು ಆಗಾಗ್ಗೆ ಚೆಲ್ಲಿ ಹೊಸದಾಗಿ ತುಂಬಬೇಕು. ಎರಡನೆಯದಾಗಿ, ಕೂಲರ್ ಗಾಳಿಗೆ ತೇವಾಂಶ ಸೇರಿಸುತ್ತದೆ. ಕಡಲೆಕಾಯಿ, ಹುಣಸೆಹಣ್ಣು, ಬೆಲ್ಲ ದಾಸ್ತಾನಿರುವ ಮಳಿಗೆಗೆ ಇದು ತಕ್ಕುದಲ್ಲ. ತೇವ ಹಿಡಿದ ಕಡಲೆಕಾಯಿಗೆ ಬೂಷ್ಟು ಬಂದರೆ ಕೂಲರ್‌ನಿಂದಾದ ಉಳಿತಾಯ ಒಂದು ಮೂಟೆಯ ಬೆಲೆಗೂ ಸಮನಾಗದು.

ಸಾಮರ್ಥ್ಯ ಮತ್ತು ವಿದ್ಯುತ್

ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್‌ನಷ್ಟು ತಂಪುಗೊಳಿಸುವ ಶಕ್ತಿ. ಸಾಮಾನ್ಯವಾಗಿ 120 ಚದರ ಅಡಿಯವರೆಗಿನ ಕೋಣೆಗೆ 1 ಟನ್, 180 ಚದರ ಅಡಿಯವರೆಗೆ 1.5 ಟನ್ ಸಾಕು. ಶೀಟು ಹೊದಿಸಿದ ಶೆಡ್ಡುಗಳಿಗೆ ಈ ಲೆಕ್ಕ ಅನ್ವಯಿಸದು. ಅಲ್ಲಿ ಮೊದಲು ಮಾಡಿಗೆ ಬಿಳಿ ಬಣ್ಣ ಬಳಿಸಿ, ಒಳಗೆ ಉಷ್ಣನಿರೋಧಕ ಹೊದಿಕೆ ಹಾಕಿಸಿದ ನಂತರವೇ ಯಂತ್ರದ ವಿಚಾರ ಮಾಡುವುದು ಒಳ್ಳೆಯದು.

1.5 ಟನ್ ಯಂತ್ರಕ್ಕೆ 16 ಆಂಪಿಯರ್ ಪ್ಲಗ್, ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ಥಿಂಗ್ ಮತ್ತು ಸಾಧ್ಯವಾದಲ್ಲಿ 4 ಚದರ ಮಿಲಿಮೀಟರ್ ತಾಮ್ರದ ತಂತಿ ಇರಬೇಕು. ವಿಂಡೋ ಯಂತ್ರವನ್ನು ನಾವೇ ಕೂರಿಸಿದರೂ ವೈರಿಂಗ್ ಕೆಲಸವನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸತಕ್ಕದ್ದು. ಬೆಸ್ಕಾಂ ಮಂಜೂರು ಮಾಡಿರುವ ಲೋಡ್ ಸಾಲದಿದ್ದರೆ ಹೆಚ್ಚುವರಿ ಲೋಡ್‌ಗೆ ಅರ್ಜಿ ಸಲ್ಲಿಸಬೇಕು. ವೋಲ್ಟೇಜ್ ಏರಿಳಿತವಿರುವ ಊರುಗಳಲ್ಲಿ ಸ್ಟೆಬಿಲೈಸರ್ ಅವಶ್ಯಕ.

ನಕ್ಷತ್ರಗಳ ಲೆಕ್ಕ

ಇಂಧನ ದಕ್ಷತಾ ಬ್ಯೂರೋದ ಲೇಬಲ್‌ನಲ್ಲಿ ನಕ್ಷತ್ರಗಳ ಜೊತೆಗೆ ವರ್ಷಕ್ಕೆ 1,600 ಗಂಟೆಗಳ ಬಳಕೆಗೆ ತಗಲುವ ಯೂನಿಟ್‌ಗಳನ್ನೂ ಮುದ್ರಿಸಲಾಗಿರುತ್ತದೆ. ಒಂದರಲ್ಲಿ 1,000, ಇನ್ನೊಂದರಲ್ಲಿ 800 ಯೂನಿಟ್ ಎಂದಿದೆಯೆಂದು ಭಾವಿಸೋಣ. ವರ್ಷಕ್ಕೆ 800 ಗಂಟೆ ಮಾತ್ರ ಬಳಸುವವರಿಗೆ ಉಳಿಯುವುದು 100 ಯೂನಿಟ್. ಯೂನಿಟ್‌ಗೆ 8 ರೂ. ಹಿಡಿದರೆ 800 ರೂ. ಬೆಲೆಯ ವ್ಯತ್ಯಾಸ 8,000 ರೂ. ಇದ್ದಲ್ಲಿ ಅದು ಮರಳಲು ಹತ್ತು ವರ್ಷ ಬೇಕು. ದಿನವಿಡೀ, ವರ್ಷವಿಡೀ ನಡೆಸುವವರಿಗಾದರೆ ಹೆಚ್ಚಿನ ನಕ್ಷತ್ರವೇ ಲಾಭಕರ. ನಕ್ಷತ್ರದ ಮಾನದಂಡವನ್ನು ಕಾಲಕಾಲಕ್ಕೆ ಬಿಗಿಗೊಳಿಸಲಾಗುವುದರಿಂದ ಲೇಬಲ್‌ನ ಅವಧಿಯನ್ನೂ ಪರಿಶೀಲಿಸಬೇಕು.

2025ರ ಸೆಪ್ಟೆಂಬರ್ 22ರಿಂದ ಹವಾನಿಯಂತ್ರಕಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ವ್ಯಾಪಾರದ ಬಳಕೆಗೆ ಕೊಳ್ಳುವ ಸದಸ್ಯರು ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸಿಕೊಂಡು, ತೆರಿಗೆ ಜಮೆಯ ಬಗ್ಗೆ ತಮ್ಮ ಸಲಹೆಗಾರರೊಡನೆ ಚರ್ಚಿಸಬಹುದು.

ಒಟ್ಟಿನಲ್ಲಿ, ಜನರು ಕುಳಿತು ಕೆಲಸ ಮಾಡುವ ತೆರೆದ ಜಾಗಕ್ಕೆ ಕೂಲರ್, ಸ್ವತಃ ಜೋಡಿಸಲಿಚ್ಛಿಸುವ ಮುಚ್ಚಿದ ಕೋಣೆಗೆ ವಿಂಡೋ ಯಂತ್ರ, ದೀರ್ಘಕಾಲ ನಡೆಯುವ ಕಚೇರಿಗೆ ತಂತ್ರಜ್ಞರು ಜೋಡಿಸಿದ ಸ್ಪ್ಲಿಟ್ ಯಂತ್ರ ಎಂಬ ಕ್ರಮವನ್ನು ಅನುಸರಿಸಿದಲ್ಲಿ ಹೂಡಿದ ಹಣ ಸಾರ್ಥಕವಾಗುವುದು.