ಜೀವಕೋಶದ ಜಮಾಖರ್ಚು

ಊರಿಗೆ ನಾಲ್ಕು ಕಾಸು ಹೆಚ್ಚು ಕಳುಹಿಸುವ ಆಸೆಯಿಂದ ಊಟದಲ್ಲಿಯೇ ಉಳಿತಾಯ ಮಾಡುವ ಸೋದರರು ನಮ್ಮಲ್ಲಿ ಕಡಿಮೆಯಲ್ಲ. ಆದರೆ ತಟ್ಟೆಯಲ್ಲಿ ಉಳಿಸಿದ್ದನ್ನು ದೇಹದ ಜೀವಕೋಶಗಳು ಬೇರೊಂದು ಖಾತೆಯಲ್ಲಿ ಬರೆದಿಡುತ್ತವೆ. ಆ ಖಾತೆಯ ನಾಣ್ಯಕ್ಕೆ ಎನ್.ಎ.ಡಿ. ಎಂದು ಹೆಸರು.

ಪಾವಿನ ಹಿಟ್ಟನ್ನು ಉಬ್ಬಿಸುವ ಯೀಸ್ಟನ್ನು ನಮ್ಮವರೆಲ್ಲ ಬಲ್ಲರು. ಅದರ ರಸ ಹುದುಗಬೇಕಾದರೆ ಒಂದು ಸೂಕ್ಷ್ಮ ಸಹಾಯಕದ್ರವ್ಯ ಬೇಕೇ ಬೇಕೆಂದು 1906ರಲ್ಲಿ ಲಂಡನ್ನಿನಲ್ಲಿ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಎಂಬವರು ಕಂಡುಕೊಂಡರು. ಅದರ ಮುಖ್ಯಾಂಶವೇ ಈ ಎನ್.ಎ.ಡಿ. ನಮ್ಮ ಜೀವಕೋಶಗಳಲ್ಲಿ ಅನ್ನವು ಶಕ್ತಿಯಾಗುವಾಗಲೂ ಇದು ಹೊರೆ ಹೊತ್ತು, ಇಳಿಸಿ, ಮರಳಿ ಬರುತ್ತದೆ. ಈ ವ್ಯಾಪಾರದಲ್ಲಿ ಬಂಡವಾಳ ಕರಗುವುದಿಲ್ಲ.

ಆದರೆ ನಿಜವಾದ ಖರ್ಚಿನ ಬಾಬು ಬೇರೆಯಿದೆ. ಪ್ರೋಟೀನುಗಳು ತಯಾರಾದ ಮೇಲೆ ಅವುಗಳಿಗೆ ಚಿಕ್ಕ ಚಿಕ್ಕ ರಾಸಾಯನಿಕ ಚೀಟಿಗಳು ಅಂಟುತ್ತವೆ, ಕಳಚುತ್ತವೆ. ಪ್ರೋಟೀನು ದುಡಿಯಬೇಕೋ ಸುಮ್ಮನಿರಬೇಕೋ ಎಂಬುದನ್ನು ಅನೇಕ ವೇಳೆ ಈ ಚೀಟಿಗಳೇ ನಿರ್ಣಯಿಸುತ್ತವೆ. ಅಸಿಟೈಲ್ ಎಂಬ ಚೀಟಿಯನ್ನು ಕಳಚುವ ಸರ್ಟುಯಿನ್ ಕಿಣ್ವಕ್ಕೆ ಎನ್.ಎ.ಡಿ. ಅತ್ಯವಶ್ಯವೆಂದು 2000ದಲ್ಲಿ ಅಮೆರಿಕದಲ್ಲಿ ಇಮಾಯ್, ಗ್ವಾರೆಂಟೆ ಮೊದಲಾದವರು ತೋರಿಸಿದರು. ಒಂದು ಚೀಟಿ ಕಳಚಿತೆಂದರೆ ಒಂದು ಅಣು ಮುರಿಯಿತೆಂದೇ ಲೆಕ್ಕ. ಬಿಸಿಲಿನಿಂದಲೋ ಇನ್ನಾವುದರಿಂದಲೋ ವಂಶದ್ರವ್ಯಕ್ಕೆ ಗಾಯವಾದಾಗ ದುರಸ್ತಿಗೆ ಕರೆಕೊಡುವ ಪಾರ್ಪ್ ಎಂಬ ಕಿಣ್ವವಂತೂ ಇವೇ ಅಣುಗಳನ್ನು ಮುರಿದು ಪ್ರೋಟೀನುಗಳಿಗೆ ಸರಪಣಿಯನ್ನೇ ತೊಡಿಸುತ್ತದೆ. ಖಜಾನೆ ಬರಿದಾದರೆ ಈ ಕೆಲಸಗಳೆಲ್ಲ ಕುಂಠಿತವಾಗುತ್ತವೆ.

ಖಜಾನೆಗೆ ಜಮೆಯಾಗುವುದು ಆಹಾರದಲ್ಲಿರುವ ನಿಯಾಸಿನ್ ಎಂಬ ಜೀವಸತ್ವದಿಂದ, ಸ್ವಲ್ಪಮಟ್ಟಿಗೆ ಟ್ರಿಪ್ಟೋಫಾನ್ ಎಂಬ ಪ್ರೋಟೀನಿನ ಅಂಶದಿಂದ. ಇವೆರಡರ ಅಭಾವವೇ ಪೆಲಾಗ್ರಾ ರೋಗ. ಬಿಸಿಲು ತಗಲುವ ಚರ್ಮ ಕಪ್ಪಾಗಿ ಒರಟಾಗುವುದು, ಭೇದಿ, ಬುದ್ಧಿಭ್ರಮೆ ಇದರ ಲಕ್ಷಣಗಳು. ಅಲಕ್ಷಿಸಿದರೆ ಮರಣವೂ ಉಂಟು. ದಖ್ಖಣದಲ್ಲಿ ಜೋಳವೊಂದನ್ನೇ ನಂಬಿ ಬದುಕುತ್ತಿದ್ದ ಬಡವರಲ್ಲಿ ಇದು ಕಂಡುಬಂದಾಗ, ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಇದಕ್ಕೆ ಕಾರಣವಿರಬಹುದೆಂದು ಹೈದರಾಬಾದಿನ ಸಂಶೋಧಕರಾದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಇವರು 1960ರಲ್ಲಿ ಸೂಚಿಸಿದರು.

ಇದರಿಂದ ಜೋಳವನ್ನು ದೂರಬೇಕಾಗಿಲ್ಲ. ದೋಷವಿರುವುದು ಜೋಳದಲ್ಲಲ್ಲ, ಜೋಳವೊಂದನ್ನೇ ಉಣಿಸುವ ಬಡತನದಲ್ಲಿ. ಎನ್.ಎ.ಡಿ. ಹೆಚ್ಚಿಸಿ ಮುಪ್ಪನ್ನು ಓಡಿಸುವುದಾಗಿ ಸಾರುತ್ತ ದುಬಾರಿ ಗುಳಿಗೆಗಳು ಈಗ ಮಾರಾಟಕ್ಕೆ ಬಂದಿವೆ. ಮನುಷ್ಯರಲ್ಲಿ ಆ ಮಾತು ಇನ್ನೂ ಸಿದ್ಧವಾಗಿಲ್ಲ. ರೊಟ್ಟಿಯ ಮಗ್ಗುಲಲ್ಲಿ ನಮ್ಮ ತಾಯಂದಿರು ಬಡಿಸುತ್ತ ಬಂದ ಶೇಂಗಾ ಚಟ್ನಿಯಲ್ಲಿ ನಿಯಾಸಿನ್ ಸಮೃದ್ಧವಾಗಿದೆ. ಬೀಜವನ್ನು ಹುರಿಯುವಾಗ ಹುಟ್ಟುವುದರಿಂದ ಕಾಫಿಯಲ್ಲಿಯೂ ಅದು ಕೊಂಚ ಉಂಟು. ಊರಿಗೆ ಹಣ ಕಳುಹಿಸುವ ಸೋದರರು ತಮ್ಮ ತಟ್ಟೆಗೆ ಒಂದು ಚಮಚ ಚಟ್ನಿಯನ್ನೂ ಒಂದು ಬಟ್ಟಲು ಬೇಳೆಯನ್ನೂ ಉಳಿಸಿಕೊಳ್ಳಲಿ.